ಕಾರಿನ ಮ್ಯಾಪ್ ಅಪ್‌ಡೇಟ್ ಆಗ್ತಿಲ್ವಾ? ಮೊದಲು ಪೆನ್‌ಡ್ರೈವ್ ನೋಡಿ

ಕಾರಿನ ನ್ಯಾವಿಗೇಶನ್ ಅಪ್‌ಡೇಟ್ ಆಗ್ತಿಲ್ಲ ಅಂತ ಬರುವವರು ಬಹಳ ಸಲ ಸೆಟ್ಟೇ (ಡ್ಯಾಶ್‌ಬೋರ್ಡಿನ ಸ್ಕ್ರೀನ್ ಇರುವ ಸ್ಟಿರಿಯೊ) ಹೋಗಿದೆ ಅಂತ ತೀರ್ಮಾನ ಮಾಡಿಕೊಂಡೇ ಬರುತ್ತಾರೆ. ಸೆಟ್ ನಿಜವಾಗಿ ಹೋಗಿರುವುದು ಅಪರೂಪ. ತೊಂದರೆ ಇರುವುದು ಪೆನ್‌ಡ್ರೈವ್‌ನಲ್ಲಿ, ಅದರೊಳಗೆ ಫೈಲ್ ಹಾಕಿದ ರೀತಿಯಲ್ಲಿ, ಇಲ್ಲಾ ಅವಸರದಲ್ಲಿ. ನಾನು ಸಾಗರದಲ್ಲಿ ಕಾರ್ ಸ್ಟಿರಿಯೊ, ರಿವರ್ಸ್ ಕ್ಯಾಮೆರಾ ಕೂರಿಸುವ ಅಂಗಡಿ ಇಟ್ಟುಕೊಂಡಿದ್ದೇನೆ. ಮ್ಯಾಪ್ ಅಪ್‌ಡೇಟ್ ಕೆಲಸ ವರ್ಷವಿಡೀ ಬರುತ್ತಲೇ ಇರುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಪೆನ್‌ಡ್ರೈವ್, ಅರ್ಧ ದಿನದ ಬಿಡುವು ಇದ್ದರೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹೇಗೆ ಅಂತ ಹೇಳುತ್ತೇನೆ.

ಫೋನಿನಲ್ಲಿ ಮ್ಯಾಪ್ ಇರುವಾಗ ಕಾರಿನದ್ದು ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ಕಡೆ ಓಡಾಡಿದರೆ ಗೊತ್ತಾಗುತ್ತದೆ. ತುಮರಿ, ಆಗುಂಬೆ, ಕುದುರೆಮುಖದ ಕಾಡು, ಈ ಕಡೆಯೆಲ್ಲ ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗುವ ಹಾಗಿಲ್ಲ. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳದೆ ಹೊರಟರೆ ಫೋನು ಘಾಟಿಯ ಮಧ್ಯೆ ಕೈಬಿಡುತ್ತದೆ. ಕಾರಿನ ಸೆಟ್ಟಿನೊಳಗೇ ಮ್ಯಾಪ್ ಇದ್ದರೆ ಇಂಟರ್‌ನೆಟ್ ಬೇಕಿಲ್ಲ, ಉಪಗ್ರಹದ ಸಿಗ್ನಲ್ ಸಾಕು. ಕಂಪನಿಯಿಂದಲೇ ಬಂದ ಎಷ್ಟೋ ಸೆಟ್ಟುಗಳು ಚಕ್ರದ ವೇಗ, ಗಾಡಿ ತಿರುಗಿದ ದಿಕ್ಕು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹಾಗಾಗಿ ಸುರಂಗದಲ್ಲಿ, ದಟ್ಟ ಮರಗಳ ಕೆಳಗೆ ಬಾಣ ಅಷ್ಟಾಗಿ ತಪ್ಪುವುದಿಲ್ಲ. ಇದು ಸಣ್ಣ ಅನುಕೂಲ ಅಲ್ಲ.

ಆದರೆ ಒಳಗಿರುವ ಮ್ಯಾಪ್ ಹಳೆಯದಾದರೆ ಈ ಅನುಕೂಲವೇ ತೊಂದರೆ ಆಗುತ್ತದೆ. ನಮ್ಮ ಪಕ್ಕದ ಉದಾಹರಣೆಯನ್ನೇ ನೋಡಿ. ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಅಲ್ಲಿಯವರೆಗೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಹಳೇ ಮ್ಯಾಪ್ ಇರುವ ಕಾರು ಈಗ ಆ ಸೇತುವೆ ಹತ್ತಿದರೆ ಸ್ಕ್ರೀನಿನಲ್ಲಿ ಬಾಣ ಶರಾವತಿ ಹಿನ್ನೀರಿನ ಮೇಲೆ ಹೋಗುತ್ತಿರುತ್ತದೆ. ಬೆಂಗಳೂರು–ಮೈಸೂರು ರಸ್ತೆಯೂ ಹಾಗೇ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ಹಳೇ ಮ್ಯಾಪ್ ಇರುವ ಸೆಟ್ಟು ಆ ಬೈಪಾಸ್ ಮೇಲೆ ಹೋಗುವಾಗ ಗದ್ದೆ ನಡುವೆ ಇದ್ದೀರಿ ಅಂದುಕೊಂಡು "ಹಿಂದಿರುಗಿ, ಹಿಂದಿರುಗಿ" ಅಂತ ಕೂಗುತ್ತಿರುತ್ತದೆ.

ಇನ್ನೂ ಹಳೆಯ ಮ್ಯಾಪ್ ಆದರೆ ಹೆದ್ದಾರಿ ನಂಬರೇ ಗೊಂದಲ. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟರು. ಮೊದಲು 48 ಅಂದರೆ ಬೆಂಗಳೂರು–ಮಂಗಳೂರು ರಸ್ತೆ, ಈಗ ಅದು 75. ತುಮಕೂರು, ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗುವ ಹಳೇ 4 ಈಗ 48. ಅಂದರೆ ಒಂದೇ ನಂಬರು ಹಳೇ ಮ್ಯಾಪಿನಲ್ಲಿ ಒಂದು ರಸ್ತೆ, ಬೋರ್ಡಿನಲ್ಲಿ ಇನ್ನೊಂದು ರಸ್ತೆ. ರಾತ್ರಿ ನೆಲಮಂಗಲದ ಹತ್ತಿರ ಹೊಸಬರು ತಬ್ಬಿಬ್ಬಾಗಲು ಇಷ್ಟು ಸಾಕು.

ನಿಮ್ಮ ಕಾರಿನಲ್ಲಿ ಮ್ಯಾಪ್ ಇರುವುದು ಎಲ್ಲಿ?

ಅಪ್‌ಡೇಟ್‌ಗೆ ಕೈ ಹಾಕುವ ಮೊದಲು ಇದು ಗೊತ್ತಾಗಬೇಕು. ಸ್ಕ್ರೀನಿನಲ್ಲಿ ಮ್ಯಾಪ್ ಬರುತ್ತದೆ ಅಂದಮಾತ್ರಕ್ಕೆ ಅದು ಕಾರಿನದ್ದೇ ಆಗಿರಬೇಕಿಲ್ಲ. ಆಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ಆದರೆ ಮ್ಯಾಪ್ ಫೋನಿನದ್ದು. ಕೇಬಲ್ ಕಿತ್ತು, ಬ್ಲೂಟೂತ್, ವೈಫೈ ಎರಡೂ ಆಫ್ ಮಾಡಿ ನೋಡಿ. ಮ್ಯಾಪ್ ಮಾಯ ಆದರೆ ಕಾರಿನಲ್ಲಿ ಅಪ್‌ಡೇಟ್ ಮಾಡುವಂಥದ್ದು ಏನೂ ಇಲ್ಲ, ಫೋನಿನ ಆ್ಯಪ್ ಅಪ್‌ಡೇಟ್ ಮಾಡಿದರೆ ಮುಗಿಯಿತು. ಹೊರಗಿನಿಂದ ಹಾಕಿಸಿದ ಆಂಡ್ರಾಯ್ಡ್ ಸೆಟ್ ಆದರೆ ಅದನ್ನು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ಪ್ಲೇ ಸ್ಟೋರ್‌ನಿಂದ ಮ್ಯಾಪ್ ಆ್ಯಪ್ ಅಪ್‌ಡೇಟ್ ಮಾಡಿ. ಅಲ್ಲಿಗೂ ಪೆನ್‌ಡ್ರೈವ್ ಬೇಡ.

ಉಳಿದಿದ್ದು ಮೂರು ಬಗೆ. ಕೆಲವು ಕಾರುಗಳಲ್ಲಿ ಮ್ಯಾಪ್ ಇರುವುದು ಎಸ್‌ಡಿ ಕಾರ್ಡಿನಲ್ಲಿ. ಕೆಲವದರಲ್ಲಿ ಸೆಟ್ಟಿನ ಒಳಗಿನ ಮೆಮೊರಿಯಲ್ಲಿ, ಅದಕ್ಕೆ ಪೆನ್‌ಡ್ರೈವ್‌ನಿಂದ ಹಾಕಬೇಕು. ಸಿಮ್ ಇರುವ ಹೊಸ ಕಾರುಗಳಲ್ಲಿ ಗಾಳಿಯಲ್ಲೇ ಅಪ್‌ಡೇಟ್ ಬರುತ್ತದೆ. ಈ ಕೊನೆಯದು ಬರುತ್ತಿಲ್ಲ ಅಂದರೆ ಎರಡು ವಿಷಯ ನೋಡಿ. ಒಂದು, ಗಾಡಿಯನ್ನು ಯಾವಾಗಲೂ ಬೇಸ್‌ಮೆಂಟಿನಲ್ಲಿ ನಿಲ್ಲಿಸುತ್ತೀರಾ? ಅಲ್ಲಿ ಸಿಗ್ನಲ್ ಇರುವುದಿಲ್ಲ. ಇನ್ನೊಂದು, ಕನೆಕ್ಟೆಡ್ ಸೇವೆಯ ಅವಧಿ ಮುಗಿದಿದೆಯಾ? ಹೊಸ ಕಾರಿನ ಜೊತೆ ಕೆಲವು ವರ್ಷ ಉಚಿತ ಕೊಡುತ್ತಾರೆ, ಆಮೇಲೆ ದುಡ್ಡು ಕಟ್ಟಬೇಕು. ಅವಧಿ ಮುಗಿದಿದ್ದರೂ ಎಷ್ಟೋ ಕಾರುಗಳಲ್ಲಿ ಪೆನ್‌ಡ್ರೈವ್ ದಾರಿ ತೆರೆದೇ ಇರುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್ ಮಾಹಿತಿ ಅಥವಾ ವರ್ಶನ್ ಅಂತ ಇರುವ ಪುಟ ತೆರೆಯಿರಿ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿ ಎರಡು ನಂಬರ್ ಇರುತ್ತವೆ. ಒಂದು ಸೆಟ್ಟಿನ ಸಾಫ್ಟ್‌ವೇರ್‌ದು, ಇನ್ನೊಂದು ಮ್ಯಾಪಿನದು. ಎರಡೂ ಬೇರೆ ಬೇರೆ. ಹೊಸ ಮ್ಯಾಪನ್ನು ಓದಲು ಹೊಸ ಸಾಫ್ಟ್‌ವೇರ್ ಬೇಕಾಗಬಹುದು. ಸಾಫ್ಟ್‌ವೇರ್ ಹಳೆಯದೇ ಇಟ್ಟುಕೊಂಡು ಬರೀ ಮ್ಯಾಪ್ ಹಾಕಲು ಹೋದರೆ "ಹೊಂದಿಕೆ ಆಗುತ್ತಿಲ್ಲ" ಅನ್ನುವ ಸಂದೇಶ ಬರುತ್ತದೆ. ಫೈಲ್ ಸರಿ ಇದೆ, ಪೆನ್‌ಡ್ರೈವ್ ಸರಿ ಇದೆ, ಆದರೂ ಆಗಲ್ಲ. ಯಾವಾಗಲೂ ಮೊದಲು ಸಾಫ್ಟ್‌ವೇರ್, ಆಮೇಲೆ ಮ್ಯಾಪ್. ಎರಡೂ ಒಂದೇ ಫೈಲಿನಲ್ಲಿ ಬರುವ ಕಾರುಗಳಲ್ಲಿ ಈ ತಲೆನೋವು ಇಲ್ಲ.

ಇನ್ನೊಂದು ಮಾತು. ಒಂದೇ ಮಾಡೆಲ್ ಕಾರು, ಒಂದೇ ವರ್ಷದ್ದು ಆದರೂ ಒಳಗಿನ ಸೆಟ್ ಬೇರೆ ಇರಬಹುದು. ಕೆಳಗಿನ ವೇರಿಯಂಟ್‌ಗೆ ಒಂದು, ಟಾಪ್ ಎಂಡ್‌ಗೆ ಒಂದು. ಪಕ್ಕದ ಮನೆಯವರ ಪೆನ್‌ಡ್ರೈವ್ ತಂದು ನಿಮ್ಮ ಕಾರಿಗೆ ಹಾಕಬೇಡಿ. ಫೈಲ್ ಆರಿಸುವಾಗ ಕಾರಿನ ಹೆಸರು, ವರ್ಷ, ವೇರಿಯಂಟ್, ಸ್ಕ್ರೀನಿನ ಅಳತೆ ಎಲ್ಲ ಹೊಂದಿಸಿ ನೋಡಿ.

ಪೆನ್‌ಡ್ರೈವ್ ಆರಿಸುವುದು, ತಯಾರು ಮಾಡುವುದು

ಅರ್ಧಕ್ಕರ್ಧ ತೊಂದರೆ ಹುಟ್ಟುವುದೇ ಇಲ್ಲಿ. ಮದುವೆ ವಿಡಿಯೊ, ಯಕ್ಷಗಾನದ ಹಾಡು ತುಂಬಿದ ಹಳೇ ಪೆನ್‌ಡ್ರೈವ್ ತಂದು "ಇದರಲ್ಲೇ ಹಾಕಿಕೊಡಿ" ಅನ್ನುವವರು ಜಾಸ್ತಿ. ದಯವಿಟ್ಟು ಈ ಕೆಲಸಕ್ಕೆ ಅಂತಲೇ ಒಂದು ಹೊಸದನ್ನು ಇಟ್ಟುಕೊಳ್ಳಿ.

ಮೊದಲು ಫಾರ್ಮ್ಯಾಟ್ ವಿಷಯ, ಅಂದರೆ ಪೆನ್‌ಡ್ರೈವ್ ಒಳಗೆ ಫೈಲ್ ಜೋಡಿಸಿಡುವ ಕ್ರಮ. ಕಾರಿನ ಸೆಟ್ಟುಗಳು ಸಾಮಾನ್ಯವಾಗಿ ತಕರಾರಿಲ್ಲದೆ ಓದುವುದು ಫ್ಯಾಟ್32. ಕೆಲವು ಎಕ್ಸ್‌ಫ್ಯಾಟ್ ಓದುತ್ತವೆ, ಎನ್‌ಟಿಎಫ್‌ಎಸ್ ಓದುವವು ಇನ್ನೂ ಕಡಿಮೆ. ವಿಂಡೋಸ್‌ನಲ್ಲಿ 64 ಜಿಬಿ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಒತ್ತಿದರೆ ಫ್ಯಾಟ್32 ಅನ್ನುವ ಆಯ್ಕೆಯೇ ಕಾಣುವುದಿಲ್ಲ, ಯಾಕಂದರೆ ಅಲ್ಲಿ 32 ಜಿಬಿಯವರೆಗೆ ಮಾತ್ರ ಅದನ್ನು ಕೊಡುತ್ತಾರೆ. ಜನ ಎಕ್ಸ್‌ಫ್ಯಾಟ್ ಒತ್ತಿ ಮುಂದೆ ಹೋಗುತ್ತಾರೆ. ಕಾರಿಗೆ ಹಾಕಿದರೆ "ಯುಎಸ್‌ಬಿ ಇಲ್ಲ" ಅಂತ ಬರುತ್ತದೆ. ಅಪ್‌ಡೇಟ್ ಫೈಲ್ 32 ಜಿಬಿಯಲ್ಲಿ ಹಿಡಿಯುವ ಹಾಗಿದ್ದರೆ 32 ಜಿಬಿಯದನ್ನೇ ತೆಗೆದುಕೊಳ್ಳಿ. ದೊಡ್ಡದೇ ಬೇಕಾದರೆ ರೂಫಸ್ ಅನ್ನುವ ಉಚಿತ ಪ್ರೋಗ್ರಾಮ್ ಇದೆ, ಅದು ದೊಡ್ಡ ಪೆನ್‌ಡ್ರೈವ್‌ಗೂ ಫ್ಯಾಟ್32 ಮಾಡಿಕೊಡುತ್ತದೆ. ಅದರಲ್ಲಿ ಪಾರ್ಟಿಶನ್ (ಪೆನ್‌ಡ್ರೈವ್ ಒಳಗಿನ ಜಾಗದ ವಿಭಾಗ) ಬಗೆ ಕೇಳಿದಾಗ ಎಂಬಿಆರ್ ಆರಿಸಿ. ಜಿಪಿಟಿ ಇದ್ದರೆ ಎಷ್ಟೋ ಕಾರುಗಳಿಗೆ ಪೆನ್‌ಡ್ರೈವ್ ಕಾಣುವುದೇ ಇಲ್ಲ.

ಫ್ಯಾಟ್32ಗೆ ಒಂದು ಮಿತಿ ಇದೆ. ಒಂದೊಂದು ಫೈಲ್ 4 ಜಿಬಿ ಒಳಗೇ ಇರಬೇಕು. ಅದಕ್ಕಿಂತ ದೊಡ್ಡ ಫೈಲ್ ಕಾಪಿ ಮಾಡಲು ಹೋದರೆ ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ "ಫೈಲ್ ತುಂಬಾ ದೊಡ್ಡದು" ಅಂತ ವಿಂಡೋಸ್ ನಿಲ್ಲಿಸುತ್ತದೆ. ಆಗ ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕಂಪನಿಯ ಸೂಚನೆ ಓದಿ. 4 ಜಿಬಿ ದಾಟಿದ ಒಂದೇ ಫೈಲ್ ಕೊಟ್ಟಿದ್ದಾರೆ ಅಂದರೆ ಆ ಸೆಟ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಓದುತ್ತದೆ ಅಂತಲೇ ಅರ್ಥ, ಯಾವುದು ಅಂತ ಸೂಚನೆಯಲ್ಲಿ ಬರೆದಿರುತ್ತಾರೆ. ಇಲ್ಲಾ, ಒಳಗಿನ ಫೈಲುಗಳನ್ನು ಬಿಡಿಸಬೇಕಾದ ಜಿಪ್ ಅದು.

ನಕಲಿ ಪೆನ್‌ಡ್ರೈವ್ ಬಗ್ಗೆ ಎಚ್ಚರ. ಮೇಲೆ 64 ಜಿಬಿ ಅಂತ ಬರೆದಿರುತ್ತದೆ, ಕಂಪ್ಯೂಟರಿನಲ್ಲೂ 64 ಅಂತಲೇ ತೋರಿಸುತ್ತದೆ. ಒಳಗಿರುವ ಚಿಪ್ಪು ಮಾತ್ರ 8 ಜಿಬಿಯದ್ದು. ಮೊದಲ 8 ಜಿಬಿ ಸರಿಯಾಗಿ ಕೂರುತ್ತದೆ, ಆಮೇಲಿನದ್ದು ಕಸ. ಕಾಪಿ ಪೂರ್ತಿ ಆಯಿತು ಅಂತ ಸಂದೇಶ ಬರುತ್ತದೆ, ಕಾರಿನಲ್ಲಿ ಹಾಕಿದಾಗ ನಡುವೆ ಎಲ್ಲೋ ನಿಲ್ಲುತ್ತದೆ. ಪ್ರತಿ ಸಲ ಒಂದೇ ಪರ್ಸೆಂಟಿಗೆ ನಿಲ್ಲುತ್ತಿದ್ದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೇ. ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಪ್ರೋಗ್ರಾಮ್ ಪೆನ್‌ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತದೆ. ಹೊತ್ತು ಹಿಡಿಯುತ್ತದೆ, ಆದರೂ ಮಾಡಿ. ತೀರಾ ಕಡಿಮೆ ಬೆಲೆಗೆ ಸಿಕ್ಕಿದ ಪೆನ್‌ಡ್ರೈವ್ ಆದರೆ ಮಾಡಲೇಬೇಕು.

ಹಿಂದೆ ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬಳಸಿದ ಪೆನ್‌ಡ್ರೈವ್ ಇದ್ದರೆ ಅದನ್ನೂ ಬಿಡಿ. ಒಳಗೆ ಕಾಣದ ಪಾರ್ಟಿಶನ್‌ಗಳು ಉಳಿದಿರುತ್ತವೆ. ಸುಮ್ನೆ ಫಾರ್ಮ್ಯಾಟ್ ಮಾಡಿದರೆ ಅವು ಹೋಗುವುದಿಲ್ಲ. ಕಾರಿನ ಸೆಟ್ ಮೊದಲ ಪಾರ್ಟಿಶನ್ ಮಾತ್ರ ನೋಡಿ ಖಾಲಿ ಅಂದುಬಿಡುತ್ತದೆ. ಹಳೇ ಸೆಟ್ಟುಗಳಿಗೆ ಇನ್ನೊಂದು ಹಟ ಇದೆ: ಹೊಸ ಯುಎಸ್‌ಬಿ 3 ಪೆನ್‌ಡ್ರೈವ್ ಕೆಲವಕ್ಕೆ ಹಿಡಿಸುವುದಿಲ್ಲ. ಎಲ್ಲ ಸರಿ ಇದ್ದೂ ಕಾಣದಿದ್ದರೆ ಸಾದಾ ಯುಎಸ್‌ಬಿ 2ರದ್ದು ಹಾಕಿ ನೋಡಿ.

ಎಸ್‌ಡಿ ಕಾರ್ಡ್ ಇರುವವರಿಗೆ ಬೇರೆ ನಿಯಮ. ಕಾರಿನ ಜೊತೆ ಬಂದ ಕಾರ್ಡನ್ನು ಎಂದೂ ಫಾರ್ಮ್ಯಾಟ್ ಮಾಡಬೇಡಿ. ಪ್ರತಿ ಕಾರ್ಡಿನೊಳಗೂ ಫ್ಯಾಕ್ಟರಿಯಲ್ಲೇ ಬರೆದ ಗುರುತಿನ ನಂಬರ್ ಇರುತ್ತದೆ. ಎಷ್ಟೋ ಸೆಟ್ಟುಗಳು ಆ ನಂಬರ್ ನೋಡಿಯೇ ಮ್ಯಾಪ್ ತೆರೆಯುತ್ತವೆ. ಅದಕ್ಕೇ ಒಳಗಿನದ್ದನ್ನೆಲ್ಲ ಇನ್ನೊಂದು ಹೊಸ ಕಾರ್ಡಿಗೆ ಕಾಪಿ ಮಾಡಿದರೆ ಓಡುವುದಿಲ್ಲ. ಮುಟ್ಟುವ ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ಕಾಪಿ ಮಾಡಿಟ್ಟುಕೊಳ್ಳಿ. ಹೊಸದು ಕೂರದಿದ್ದರೆ ಅದೇ ಕಾರ್ಡಿಗೆ ಹಳೆಯದನ್ನು ವಾಪಸ್ ಹಾಕಬಹುದು. ಕಂಪ್ಯೂಟರ್ ಕಾರ್ಡಿಗೆ ಬರೆಯಲು ಬಿಡುತ್ತಿಲ್ಲ ಅಂದರೆ ಕಾರ್ಡಿನ ಎಡ ಅಂಚು ನೋಡಿ. ಅಲ್ಲಿ ಉಗುರಿನ ತುದಿಯಷ್ಟು ಸಣ್ಣ ಜಾರುಗುಂಡಿ ಇರುತ್ತದೆ. ಕೆಳಗೆ ಜಾರಿದ್ದರೆ ಲಾಕ್, ಮೇಲೆ ತಳ್ಳಿದರೆ ಬಿಟ್ಟಿತು. ಸ್ಲಾಟಿನೊಳಗೆ ಹಾಕುವಾಗ, ತೆಗೆಯುವಾಗ ತಾನಾಗೇ ಜಾರುವುದೂ ಉಂಟು.

ಇಳಿಸಿಕೊಳ್ಳುವಾಗ

ಕಂಪನಿಯ ಅಧಿಕೃತ ಜಾಗ ಬಿಟ್ಟು ಬೇರೆಲ್ಲಿಂದಲೂ ಇಳಿಸಬೇಡಿ. ಹ್ಯುಂಡೈ, ಕಿಯಾದವರು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ನ್ಯಾವಿಗೇಶನ್ ಅಪ್‌ಡೇಟರ್ ಅನ್ನುವ ಪ್ರೋಗ್ರಾಮ್ ಕೊಡುತ್ತಾರೆ. ಕಾರು ಆರಿಸಿದರೆ ಅದೇ ಇಳಿಸಿ ಪೆನ್‌ಡ್ರೈವ್‌ಗೆ ಬರೆಯುತ್ತದೆ. ರೆನೊದ ಮೀಡಿಯಾನ್ಯಾವ್ ಸೆಟ್ಟುಗಳಿಗೆ ಟೂಲ್‌ಬಾಕ್ಸ್ ಅನ್ನುವ ಪ್ರೋಗ್ರಾಮ್. ಅದರ ಕ್ರಮ ಬೇರೆ. ಖಾಲಿ ಪೆನ್‌ಡ್ರೈವನ್ನು ಮೊದಲು ಕಾರಿಗೆ ಹಾಕಬೇಕು, ಕಾರು ತನ್ನ ಗುರುತನ್ನು ಅದರಲ್ಲಿ ಬರೆದುಕೊಡುತ್ತದೆ. ಅದನ್ನು ತಂದು ಕಂಪ್ಯೂಟರಿಗೆ ಹಾಕಿದರೆ ಮಾತ್ರ ನಿಮ್ಮ ಕಾರಿಗೆ ಯಾವ ಮ್ಯಾಪ್ ಅಂತ ಟೂಲ್‌ಬಾಕ್ಸ್‌ಗೆ ತಿಳಿಯುತ್ತದೆ. ಈ ಮೊದಲ ಹೆಜ್ಜೆ ಬಿಟ್ಟು, "ನನ್ನ ಕಾರೇ ತೋರಿಸ್ತಿಲ್ಲ" ಅಂತ ಕೂತವರನ್ನು ಬಹಳ ನೋಡಿದ್ದೇನೆ. ಮಧ್ಯೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದರೂ ಆ ಗುರುತು ಹೋಗುತ್ತದೆ, ಮತ್ತೆ ಕಾರಿಗೆ ಹೋಗಬೇಕು.

ಫೈಲ್ ಹತ್ತಾರು ಜಿಬಿ ಇರಬಹುದು. ದಿನಕ್ಕೆ ಒಂದೂವರೆ, ಎರಡು ಜಿಬಿ ಕೊಡುವ ಮೊಬೈಲ್ ಪ್ಯಾಕ್ ನಂಬಿ ಕೂರಬೇಡಿ. ಫೈಬರ್ ಇರುವ ಮನೆಯಲ್ಲಿ ರಾತ್ರಿ ಹಾಕಿ ಬಿಡಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟಿನ ಕಥೆ ಗೊತ್ತೇ ಇದೆ, ರೂಟರ್‌ಗೂ ಯುಪಿಎಸ್ ಇರಲಿ. ಇಳಿದ ಫೈಲ್ ಜಿಪ್ ಆಗಿದ್ದರೆ ಸೆವೆನ್‌ಜಿಪ್ ಅನ್ನುವ ಪ್ರೋಗ್ರಾಮಿನಲ್ಲಿ ಟೆಸ್ಟ್ ಆರ್ಕೈವ್ ಅನ್ನುವುದನ್ನು ಒತ್ತಿ. ಅರ್ಧ ಇಳಿದ ಫೈಲ್ ಆದರೆ ಅಲ್ಲೇ ತಪ್ಪು ತೋರಿಸುತ್ತದೆ. ಕಾರಿನಲ್ಲಿ ಕೂತು ಕಂಡುಕೊಳ್ಳುವುದಕ್ಕಿಂತ ಮೇಜಿನ ಮುಂದೆ ಕಂಡುಕೊಳ್ಳುವುದು ವಾಸಿ ಅಲ್ವಾ?

ಇನ್ನು ಫೈಲ್ ಇಡುವ ಜಾಗ. ಹೊಸನಗರದ ಕಡೆಯ ಮೇಷ್ಟ್ರೊಬ್ಬರು ಪೆನ್‌ಡ್ರೈವ್ ಹಿಡಿದು ಬಂದಿದ್ದರು. ಕಾರಿನಲ್ಲಿ "ಅಪ್‌ಡೇಟ್ ಫೈಲ್ ಸಿಗಲಿಲ್ಲ" ಅಂತ ಬರುತ್ತಿತ್ತು. ಕಂಪ್ಯೂಟರಿಗೆ ಹಾಕಿ ತೆರೆದೆ. ಒಂದು ಫೋಲ್ಡರ್. ಅದರೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್. ಅದರೊಳಗೆ ಫೈಲುಗಳು. ವಿಂಡೋಸ್‌ನಲ್ಲಿ ಜಿಪ್ ಬಿಡಿಸುವಾಗ ಹೀಗೆ ಆಗುತ್ತದೆ, ಬಿಡಿಸಿದ್ದನ್ನು ತಾನೇ ಇನ್ನೊಂದು ಫೋಲ್ಡರಿನೊಳಗೆ ಇಡುತ್ತದೆ. ಒಳಗಿನದ್ದನ್ನೆಲ್ಲ ಕಟ್ ಮಾಡಿ ಪೆನ್‌ಡ್ರೈವ್ ತೆರೆದ ಕೂಡಲೇ ಕಾಣುವ ಹಾಗೆ ಹೊರಗೆ ಇಟ್ಟೆ, ಖಾಲಿ ಫೋಲ್ಡರ್ ಅಳಿಸಿದೆ. ಗಾಡಿಗೆ ಹಾಕಿದ್ದೇ ತಡ, ಅಪ್‌ಡೇಟ್ ಶುರುವಾಯಿತು.

"ಇಷ್ಟೇನಾ ಮಾರಾಯಾ? ಎರಡು ದಿನದಿಂದ ಒದ್ದಾಡ್ತಾ ಇದ್ದೇನೆ."

"ಇಷ್ಟೇ ಮೇಷ್ಟ್ರೇ. ಸೆಟ್ಟು ಫೋಲ್ಡರಿನೊಳಗೆ ಹೋಗಿ ಹುಡುಕಲ್ಲ, ಬಾಗಿಲಲ್ಲೇ ನೋಡುತ್ತೆ."

ಇದರ ಜೊತೆಗೇ ಇನ್ನೊಂದು. ಒಂದೇ ಫೈಲನ್ನು ಎರಡನೇ ಸಲ ಇಳಿಸಿದರೆ ಬ್ರೌಸರ್ ಹೆಸರಿನ ಕೊನೆಗೆ (1) ಅಂತ ಸೇರಿಸುತ್ತದೆ. ಸೆಟ್ಟು ಹುಡುಕುವುದು ಮೂಲ ಹೆಸರನ್ನು. ಆ ಬಾಲ ತೆಗೆದುಬಿಡಿ. ಉಳಿದಂತೆ ಫೈಲಿನ ಹೆಸರು ಒಂದಕ್ಷರವೂ ಬದಲಿಸಬೇಡಿ. ಮ್ಯಾಕ್ ಬಳಸುವವರು ಗಮನಿಸಿ: ಮ್ಯಾಕ್ ಕಾಪಿ ಮಾಡುವಾಗ ಹೆಸರಿನ ಮುಂದೆ ಚುಕ್ಕಿ ಇರುವ ಸಣ್ಣ ಸಣ್ಣ ಅಡಗಿದ ಫೈಲ್ ಬಿಟ್ಟು ಹೋಗುತ್ತದೆ. ಕೆಲವು ಸೆಟ್ಟುಗಳು ಅವನ್ನೇ ಅಪ್‌ಡೇಟ್ ಅಂದುಕೊಂಡು ತಪ್ಪು ತೋರಿಸುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಮಾಡಿದರೆ ಈ ಕಿರಿಕಿರಿ ಇಲ್ಲ. ಕೊನೆಗೆ ಪೆನ್‌ಡ್ರೈವ್ ಕೀಳುವ ಮುನ್ನ ಇಜೆಕ್ಟ್ ಒತ್ತಿ. ಕಾಪಿ ಮುಗಿಯಿತು ಅಂತ ತೋರಿಸಿದ ಮೇಲೂ ಬರೆಯುವುದು ಸ್ವಲ್ಪ ಬಾಕಿ ಇರಬಹುದು.

ದುಡ್ಡು ಕೊಟ್ಟು ಕೊಂಡ ಮ್ಯಾಪ್ ಆದರೆ ಆ್ಯಕ್ಟಿವೇಶನ್ ಕೋಡ್ ಬರುತ್ತದೆ. ಅದು ಚಾಸಿಸ್ ನಂಬರಿಗೋ ಸೆಟ್ಟಿನ ನಂಬರಿಗೋ ಅಂಟಿಕೊಂಡಿರುತ್ತದೆ. ಚಾಸಿಸ್ ನಂಬರ್ 17 ಅಕ್ಷರದ್ದು, ಆರ್‌ಸಿಯಲ್ಲಿ ಇರುತ್ತದೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಹಾಗಾಗಿ ಗುಂಡಗೆ ಕಂಡರೆ ಅದು ಸೊನ್ನೆ, ಕಡ್ಡಿಯಂತೆ ಕಂಡರೆ ಒಂದು. ಕೋಡ್ ತಗೊಳ್ತಿಲ್ಲ ಅನ್ನುವ ಎಷ್ಟೋ ಪ್ರಕರಣ ಇಷ್ಟರಲ್ಲೇ ಸರಿಯಾಗಿವೆ.

ಕಾರಿನಲ್ಲಿ ಹಾಕುವಾಗ

ಮೊದಲು ಮನೆ, ಆಫೀಸು, ನೆಚ್ಚಿನ ಜಾಗ ಅಂತ ಸೇವ್ ಮಾಡಿದ್ದರ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವು ಅಪ್‌ಡೇಟ್ ಅವನ್ನೆಲ್ಲ ಒರೆಸಿಹಾಕುತ್ತದೆ. ತೋಟದ ಮನೆಯ ಜಾಗ ಮತ್ತೆ ಹುಡುಕುವುದು ಸುಲಭ ಇಲ್ಲ.

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಪೆನ್‌ಡ್ರೈವ್ ಹಾಕಿ. ಬರೀ ಕೀ ಆನ್ ಮಾಡಿ ಕೂತರೆ ಸ್ವಲ್ಪ ಹೊತ್ತಿಗೆ ಗಾಡಿ ತಾನೇ ಸೆಟ್ ಆಫ್ ಮಾಡಬಹುದು, ಬ್ಯಾಟರಿಯೂ ಇಳಿಯುತ್ತದೆ. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ನಿಲ್ಲಿಸುವ ವ್ಯವಸ್ಥೆ ಇದ್ದರೆ ಅದನ್ನು ಆಫ್ ಮಾಡಿ. ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಆಗುವ ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಅಪ್‌ಡೇಟ್ ನಡೆಯುತ್ತಿರುವಾಗ ಅದು ಒಳ್ಳೆಯದಲ್ಲ. ಬ್ಯಾಟರಿ ಹಳೆಯದಾಗಿ ಬೆಳಿಗ್ಗೆ ಸ್ಟಾರ್ಟ್ ಆಗಲು ಗಾಡಿ ನರಳುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಮ್ಯಾಪಿನ ಮಾತು. ಹೈಬ್ರಿಡ್, ಎಲೆಕ್ಟ್ರಿಕ್ ಆದರೆ ರೆಡಿ ಅಂತ ದೀಪ ಉರಿಯುತ್ತಿರಲಿ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ, ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಕೂರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ನಿದ್ದೆ ಬಂದಂತಾಗಿ ಜೀವ ಹೋಗುತ್ತದೆ. ಮಳೆ ಸುರಿಯುತ್ತಿದ್ದರೆ ಅಪ್‌ಡೇಟ್ ನಾಳೆ ಮಾಡಿ.

ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ಜಾಗ ಇದ್ದರೆ ಎಲ್ಲವೂ ಫೈಲ್ ಓದುವುದಿಲ್ಲ. ಕೆಲವು ಚಾರ್ಜಿಗೆ ಮಾತ್ರ. ಮಿಂಚು ಅಥವಾ ಬ್ಯಾಟರಿ ಚಿತ್ರ ಇದ್ದರೆ ಚಾರ್ಜಿಂಗ್‌ದು. ಹಾಡು ಓಡುವ ಜಾಗ ಯಾವುದೋ ಅಲ್ಲಿಗೇ ಹಾಕಿ. ನಡುವೆ ಹಬ್, ಉದ್ದದ ವೈರು ಏನೂ ಬೇಡ.

ಶುರುವಾದ ಮೇಲೆ ಕೈ ಕಟ್ಟಿ ಕೂರಬೇಕು. ದೊಡ್ಡ ಮ್ಯಾಪ್ ಆದರೆ ಒಂದು ಗಂಟೆಯೂ ದಾಟಬಹುದು. ಪರ್ಸೆಂಟ್ ಒಂದೇ ಕಡೆ ಬಹಳ ಹೊತ್ತು ನಿಂತಿತು ಅಂತ ಪೆನ್‌ಡ್ರೈವ್ ಕೀಳಬೇಡಿ. ಒಂದೇ ದೊಡ್ಡ ಫೈಲ್ ಕಾಪಿ ಆಗುವಾಗ ಹಾಗೆ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ಸಣ್ಣ ದೀಪ ಇದ್ದರೆ ಅದನ್ನು ನೋಡಿ. ಮಿಣುಕುತ್ತಿದ್ದರೆ ಕೆಲಸ ನಡೆದಿದೆ. ನಾನು ಈ ಕೆಲಸಕ್ಕೆ ದೀಪ ಇರುವ ಪೆನ್‌ಡ್ರೈವನ್ನೇ ಇಟ್ಟುಕೊಂಡಿದ್ದೇನೆ. ನಡುವೆ ಸೆಟ್ಟು ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಒಂದಕ್ಕಿಂತ ಹೆಚ್ಚು ಸಲವೂ ಆಗಬಹುದು. ಕಪ್ಪು ಸ್ಕ್ರೀನ್ ಕಂಡು ಹೆದರಬೇಡಿ. "ಮುಗಿಯಿತು" ಅನ್ನುವ ಸಂದೇಶ ಬರುವವರೆಗೆ ಪೆನ್‌ಡ್ರೈವ್ ಅಲ್ಲೇ ಇರಲಿ.

ನಡುವೆ ನಿಂತೇ ಹೋದರೆ

ದೀಪ ಆರಿದೆ, ಪರ್ಸೆಂಟ್ ಅಲುಗಾಡಿಲ್ಲ, ಅರ್ಧ ಗಂಟೆ ಮೇಲೆ ಆಯಿತು. ಆಗ ಮಾತ್ರ ನಿಂತಿದೆ ಅಂತ ಲೆಕ್ಕ. ಸ್ಕ್ರೀನಿನ ಫೋಟೊ ತೆಗೆಯಿರಿ, ತಪ್ಪಿನ ನಂಬರ್ ಇದ್ದರೆ ಅದೂ ಬರಲಿ. ಎಂಜಿನ್ ಆಫ್ ಮಾಡಿ, ಬಾಗಿಲು ತೆರೆದು ಮುಚ್ಚಿ, ಲಾಕ್ ಮಾಡಿ ಹದಿನೈದು ನಿಮಿಷ ಬಿಡಿ. ಸೆಟ್ಟು ಪೂರ್ತಿ ನಿದ್ದೆಗೆ ಹೋಗಲಿ. ಮತ್ತೆ ಸ್ಟಾರ್ಟ್ ಮಾಡಿ, ಅದೇ ಪೆನ್‌ಡ್ರೈವ್ ಹಾಕಿ. ಬಹಳಷ್ಟು ಸೆಟ್ಟು ಅಲ್ಲಿಂದಲೇ ಮುಂದುವರಿಯುತ್ತವೆ, ಇಲ್ಲಾ ಮೊದಲಿನಿಂದ ಶುರು ಮಾಡುತ್ತವೆ.

ಆಗಲೂ ಲೋಗೊ ಮೇಲೇ ಸಿಕ್ಕಿಕೊಂಡರೆ ರೀಸೆಟ್. ಹ್ಯುಂಡೈ, ಕಿಯಾದ ಹಲವು ಸೆಟ್ಟುಗಳಲ್ಲಿ ಬಟನ್‌ಗಳ ಪಕ್ಕ ರೀಸೆಟ್ ಅನ್ನುವ ಸೂಜಿ ತೂತು ಇರುತ್ತದೆ. ಫೋನಿನ ಸಿಮ್ ತೆಗೆಯುವ ಪಿನ್ನಿನಿಂದ ಮೆಲ್ಲಗೆ ಒತ್ತಿ. ಬೇರೆ ಎಷ್ಟೋ ಸೆಟ್ಟುಗಳಲ್ಲಿ ಪವರ್ ಗುಂಡಿಯನ್ನು ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಬ್ಯಾಟರಿಯ ಮೈನಸ್ ತೆಗೆದು ಹಾಕುವುದು ಕೊನೆಯ ದಾರಿ. ಹಾಗೆ ಮಾಡಿದರೆ ಪವರ್ ವಿಂಡೋ ತಾನೇ ಮೇಲೇರುವುದು ನಿಲ್ಲಬಹುದು, ಗಡಿಯಾರ ಹೋಗಬಹುದು. ವಾರಂಟಿ ಇರುವ ಗಾಡಿಯಲ್ಲಿ ನಾನು ಅದನ್ನು ಮಾಡುವುದಿಲ್ಲ.

ಯಾರೋ ಕಳಿಸಿದ ಲಿಂಕಿನಿಂದ "ಉಚಿತ ಮ್ಯಾಪ್" ಇಳಿಸಿ ಹಾಕುವುದನ್ನು ಮಾತ್ರ ಬಿಡಿ. ಬೇರೆ ದೇಶದ ಸೆಟ್ಟಿನ ಸಾಫ್ಟ್‌ವೇರ್ ಅದರ ಜೊತೆ ಬಂದರೆ ಸೆಟ್ಟು ಮತ್ತೆ ಏಳುವುದಿಲ್ಲ. ಹಾಗಾದ ಸೆಟ್ಟನ್ನು ನನ್ನಂಥ ಅಂಗಡಿಯಲ್ಲಿ ಎಬ್ಬಿಸಲು ಆಗುವುದಿಲ್ಲ, ವಾರಂಟಿಯೂ ಸಿಗುವುದಿಲ್ಲ.

ಮುಗಿದ ಮೇಲೆ

ಅಪ್‌ಡೇಟ್ ಆದ ಕೂಡಲೇ ಬಾಣ ಇನ್ನೆಲ್ಲೋ ನಿಂತಿರಬಹುದು. ಆಕಾಶ ಕಾಣುವ ಜಾಗದಲ್ಲಿ ಗಾಡಿಯನ್ನು ಕಾಲು ಗಂಟೆ ನಿಲ್ಲಿಸಿ. ಜಿಪಿಎಸ್ ಉಪಗ್ರಹ ತನ್ನ ಪೂರ್ತಿ ಮಾಹಿತಿ ಒಮ್ಮೆ ಕಳಿಸಿ ಮುಗಿಸಲು 12.5 ನಿಮಿಷ ತೆಗೆದುಕೊಳ್ಳುತ್ತದೆ. ಎಲ್ಲ ಹೊಸದಾಗಿ ಶುರುವಾದಾಗ ಸೆಟ್ಟಿಗೂ ಅಷ್ಟು ಹೊತ್ತು ಬೇಕಾಗಬಹುದು. ಆಮೇಲೆ ಒಂದು ಸುತ್ತು ಹೋಗಿ ಬನ್ನಿ.

ತಾರೀಕು ಸುಮಾರು ಇಪ್ಪತ್ತು ವರ್ಷ ಹಿಂದಿನದು ತೋರಿಸುತ್ತಿದ್ದರೆ ಅದು ಮ್ಯಾಪಿನ ದೋಷ ಅಲ್ಲ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಹಾಗೆ ಆಗಿದ್ದು 2019ರ ಏಪ್ರಿಲ್ 6ರಂದು. ಹಳೇ ಸೆಟ್ಟುಗಳು ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ತಾರೀಕು ತಪ್ಪುತ್ತವೆ. ಇದಕ್ಕೆ ಕಂಪನಿಯ ಸಾಫ್ಟ್‌ವೇರ್ ಬೇಕು. ಮ್ಯಾಪ್ ಎಷ್ಟು ಸಲ ಹಾಕಿದರೂ ಸರಿಯಾಗುವುದಿಲ್ಲ.

ಊರು ಸಿಗ್ತಿಲ್ಲ ಅನ್ನುವವರು ಹೊಸ ಸ್ಪೆಲ್ಲಿಂಗ್ ಹಾಕಿ ನೋಡಿ. 2014ರ ನವೆಂಬರ್ 1ರಿಂದ ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿದೆ. ಬೆಳಗಾವಿ, ಕಲಬುರಗಿ, ವಿಜಯಪುರ, ಶಿವಮೊಗ್ಗ ಎಲ್ಲ ಸೇರಿ. ಕೆಲವು ಸೆಟ್ಟುಗಳ ಕೀಬೋರ್ಡು ಮುಂದೆ ಬರಲು ಸಾಧ್ಯವಿಲ್ಲದ ಅಕ್ಷರಗಳನ್ನು ಮಂಕು ಮಾಡಿಬಿಡುತ್ತದೆ. ಎಸ್, ಎಚ್, ಐ ಒತ್ತಿದ ಮೇಲೆ ಎಂ ಮಂಕಾಗಿದ್ದರೆ ವಿ ಒತ್ತಿ, ಶಿವಮೊಗ್ಗ ಬರುತ್ತದೆ. ಕನ್ನಡ ಧ್ವನಿ ಹೋಗಿದ್ದರೆ ಭಾಷೆಯ ಸೆಟ್ಟಿಂಗ್‌ನಲ್ಲಿ ಮತ್ತೆ ಆರಿಸಿ. ಬ್ಲೂಟೂತ್ ಜೋಡಣೆಯನ್ನೂ ಹೊಸದಾಗಿ ಮಾಡಬೇಕಾಗಬಹುದು.

ಅಪ್‌ಡೇಟ್ ಆದರೂ ಹೊಸ ಸೇತುವೆ, ಹೊಸ ಬೈಪಾಸ್ ಕಾಣದಿದ್ದರೆ ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ಮ್ಯಾಪ್ ಬಿಡುಗಡೆ ಆಗುವ ಎಷ್ಟೋ ತಿಂಗಳು ಮೊದಲೇ ಅದರೊಳಗಿನ ರಸ್ತೆಗಳ ಮಾಹಿತಿ ಸಂಗ್ರಹಿಸಿರುತ್ತಾರೆ. ವರ್ಶನ್ ಪುಟದಲ್ಲಿ ಮ್ಯಾಪಿನ ತಾರೀಕು ನೋಡಿ, ಮುಂದಿನ ಬಿಡುಗಡೆಗೆ ಕಾಯಿರಿ. ಸಿಗಂದೂರಿಗೆ ಹೊರಟವರಿಗೆ ನಾನು ಹೇಳುವುದು: ಮ್ಯಾಪ್ ಸುತ್ತುಬಳಸಿನ ದಾರಿ ತೋರಿಸಿದರೆ ಮೊದಲು ಅಂಬಾರಗೋಡ್ಲು ಅಂತ ಹಾಕಿಕೊಂಡು ಹೋಗಿ, ಸೇತುವೆ ದಾಟಿ, ಕಳಸವಳ್ಳಿ ಕಡೆ ಬಂದ ಮೇಲೆ ಸಿಗಂದೂರು ಅಂತ ಹಾಕಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಸರ್ವಿಸ್ ಸೆಂಟರಿಗೆ ಹೋಗಿ. ವರ್ಶನ್ ಪುಟದ ಫೋಟೊ, ತಪ್ಪಿನ ಫೋಟೊ, ನೀವು ಬಳಸಿದ ಪೆನ್‌ಡ್ರೈವ್ ಮೂರೂ ಜೊತೆಗಿರಲಿ. "ಮೊದಲು ಸಾಫ್ಟ್‌ವೇರ್ ಹಾಕಿ ನೋಡಿ, ಸೆಟ್ ಬದಲಿಸುವುದು ಆಮೇಲೆ ಮಾತಾಡೋಣ" ಅಂತ ನೇರವಾಗಿ ಹೇಳಿ. ಸೆಟ್ಟೇ ಬದಲಿಸಬೇಕಾಗಿ ಬಂದರೆ ಮ್ಯಾಪಿನ ಆ್ಯಕ್ಟಿವೇಶನ್ ಹೊಸ ಸೆಟ್ಟಿನ ನಂಬರಿಗೆ ವರ್ಗ ಆಗಿದೆಯಾ ಅಂತ ಗಾಡಿ ತೆಗೆದುಕೊಳ್ಳುವ ಮೊದಲೇ ಕೇಳಿ. ಅಲ್ಲೇ ಅಂಗಳದಲ್ಲಿ ಮ್ಯಾಪ್ ತೆರೆದು, ನಿಮ್ಮ ಊರಿನ ಹೆಸರು ಹಾಕಿ, ದಾರಿ ತೋರಿಸಿದ ಮೇಲೆಯೇ ಸಹಿ ಮಾಡಿ.